ಮನೆಗೆ ನುಗ್ಗಿದ್ದು ಮಳೆನೀರು ತಾನೇ, ಫಿನಾಯಿಲ್ ಹಾಕಿ ಒರೆಸಿದರೆ ಸಾಕಾ?

ಮೊಣಕಾಲುದ್ದ ನೀರು ಬಂದು ಇಳಿದಿದೆ, ಫಿನಾಯಿಲ್ ಹಾಕಿ ಒರೆಸಿದರೆ ಸಾಕಾ, ಸಂಪಿನ ನೀರು ಬಳಸಬಹುದಾ ಅಂತ ಕೇಳಿದ್ದೀರಿ. ಸಾಲದು. ಸಂಪಿನ ನೀರಂತೂ ಪಾತ್ರೆ ತೊಳೆಯೋಕೂ ಮುಟ್ಟಬೇಡಿ.

ನಮ್ಮದು ಚಿಕ್ಕಬಳ್ಳಾಪುರ. 2021ರ ನವೆಂಬರ್‌ನಲ್ಲಿ ಕಂದವಾರ ಕೆರೆ ಕೋಡಿ ಹರಿದಾಗ ನಮ್ಮ ಬೀದಿಗೂ ನೀರು ಬಂತು. ನಾವೂ ನಿಮ್ಮ ಹಾಗೇ ಮಳೆನೀರು ಅಂದುಕೊಂಡೆವು. ಆಮೇಲೆ ನೋಡಿದರೆ ಬಚ್ಚಲ ತೂತಿನಿಂದ ಕಪ್ಪು ನೀರು ಉಕ್ಕಿ ಬಂದಿತ್ತು. ಮಳೆನೀರು ಬೀಳುವಾಗ ಚೆನ್ನಾಗಿಯೇ ಇರುತ್ತದೆ, ಆದರೆ ಬೀದಿಗೆ ಬಂದ ಮೇಲೆ ಮೋರಿ, ಯುಜಿಡಿ (ನೆಲದಡಿಯ ಒಳಚರಂಡಿ) ಮ್ಯಾನ್‌ಹೋಲ್, ಕೋಳಿ ಫಾರಂ ಗೊಬ್ಬರ, ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ, ಇಲಿ ಮೂತ್ರ ಎಲ್ಲ ಸೇರಿಸಿಕೊಂಡೇ ನಿಮ್ಮ ಹೊಸ್ತಿಲು ದಾಟುತ್ತದೆ. ನಮ್ಮ ಕಡೆ ಕೆರೆಗಳಿಗೆ ಬರುವ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯ ನೀರು ಕೂಡ ಎರಡೇ ಹಂತ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು. ಅಂತರ್ಜಲಕ್ಕೆ ಅಂತ ಬಿಟ್ಟದ್ದು, ಮನೆಯೊಳಗೆ ನಿಲ್ಲಬೇಕಾದ ನೀರಲ್ಲ.

ಮೊದಲು ಮೇನ್ ಸ್ವಿಚ್ ಆಫ್ ಇದೆಯಾ ನೋಡಿ, ಆದರೆ ನೀರಲ್ಲಿ ನಿಂತು ಅದನ್ನು ಮುಟ್ಟಬೇಡಿ. ಗಂಬೂಟು, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕಾಲಲ್ಲಿ ಗಾಯ ಇದ್ದವರು, ಮಕ್ಕಳು ಈ ಕೆಲಸಕ್ಕೆ ಬೇಡ.

ಈಗ ಮುಖ್ಯ ವಿಷಯ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕೆಸರು ಇದ್ದ ಹಾಗೇ ಅದರ ಮೇಲೆ ಎರಡು ಕೆಜಿ ಬ್ಲೀಚಿಂಗ್ ಪೌಡರ್ ಎರಚಿದೆವು. ಮೂರನೇ ದಿನಕ್ಕೆ ಮತ್ತೆ ಅದೇ ವಾಸನೆ. ಪೌಡರಿನಲ್ಲಿರುವ ಕ್ಲೋರಿನ್ ಕೆಸರಿನ ಜೊತೆಗೇ ಖರ್ಚಾಗಿಬಿಡುತ್ತದೆ, ರೋಗಾಣುವಿನ ತನಕ ಹೋಗುವುದೇ ಇಲ್ಲ. ಹಾಗಾಗಿ ಮೊದಲು ಕೆಸರನ್ನು ಪೂರ್ತಿ ಎಳೆದು ಹಾಕಿ, ಸೋಪಿನ ನೀರಲ್ಲಿ ನೆಲ, ಗೋಡೆ ಉಜ್ಜಿ ತೊಳೆಯಿರಿ, ಬೀರು ಹಿಂದೆ, ಮಂಚದ ಕೆಳಗೆ ಕೂಡ. ಆಮೇಲೆ ಹತ್ತು ಲೀಟರ್ ಬಕೆಟ್ಟಿಗೆ 30 ಗ್ರಾಂ ಪೌಡರ್ ಕಲಸಿ ಒರೆಸಿ. ಕಕ್ಕಸಿನ ನೀರು ಉಕ್ಕಿದ ಜಾಗಕ್ಕೆ ಅಷ್ಟೇ ನೀರಿಗೆ 150 ಗ್ರಾಂ ಕಲಸಿ ಒರೆಸಿ. ಹತ್ತು ನಿಮಿಷ ಹಾಗೇ ಒದ್ದೆಯಾಗಿ ಬಿಡಿ. ಹಳೇ ಒಡೆದ ಪ್ಯಾಕೆಟ್ ಆದರೆ ಶಕ್ತಿ ಹೋಗಿರುತ್ತದೆ, ಹೊಸದು ತನ್ನಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಮಾತ್ರ ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಸಂಪನ್ನು ಪೂರ್ತಿ ಖಾಲಿ ಮಾಡಿ, ಹೂಳು ತೆಗೆದು, ಗೋಡೆಗೆ ಅದೇ ಬ್ಲೀಚಿಂಗ್ ನೀರು ಹಚ್ಚಿ ಉಜ್ಜಿ, ತೊಳೆದು ಆ ನೀರನ್ನೂ ಹೊರಗೆ ಹಾಕಿ. ಹೊಸ ನೀರು ತುಂಬಿಸಿದ ಮೇಲೆ 1000 ಲೀಟರಿಗೆ 2.5 ಗ್ರಾಂ ಪೌಡರ್ ಮಾಮೂಲಿ ಲೆಕ್ಕ. ಅದನ್ನು ಚೊಂಬಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸುರಿದು ಒಂದು ಗಂಟೆ ಬಿಡಿ. ಕುಡಿಯೋಕೆ ಆದರೆ ಕುದಿಸಿಯೇ ಕುಡಿಯಿರಿ. ಆದರೆ ಸೀಮೆಎಣ್ಣೆ, ಔಷಧಿ ವಾಸನೆ ಬಂದರೆ ಕುದಿಸಿದರೂ ಹೋಗಲ್ಲ, ಆ ನೀರು ಬೇಡವೇ ಬೇಡ.

ಹತ್ತಿ ಹಾಸಿಗೆ, ದಿಂಬು ನೆನೆದಿದ್ದರೆ ಎಸೆಯಿರಿ. ರಾಗಿ ಮೂಟೆ ಎಸೆಯೋಕೆ ನಮ್ಮಮ್ಮನಿಗೆ ಮನಸ್ಸೇ ಬರಲಿಲ್ಲ, ಒಣಗಿಸಿ ಬೀಸಿಸೋಣ ಅಂದರು. ಬೇಡ ಅಂತ ಹೇಳೋದು ನನಗೂ ಕಷ್ಟವಾಯಿತು. ಆದರೆ ಚರಂಡಿ ನೀರಲ್ಲಿ ನೆನೆದ ಕಾಳು ತಿನ್ನುವಂಥದ್ದಲ್ಲ, ಅಲ್ವಾ? ಒದ್ದೆ ಗೋಡೆ, ಸಾಮಾನಿಗೆ ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಕಿಟಕಿ ತೆರೆದು ಗಾಳಿ ಆಡಲಿ.

ತುಕ್ಕು ಹಿಡಿದ ಮೊಳೆ, ತಗಡು ಚುಚ್ಚಿದ್ದರೆ ಟಿಟಿ ಇಂಜೆಕ್ಷನ್ ಬಗ್ಗೆ ಇವತ್ತೇ ಕೇಳಿ. ಮುಂದಿನ ಎರಡು ಮೂರು ವಾರದಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಮಾತ್ರೆ ನುಂಗಿ ಸುಮ್ನೆ ಇರಬೇಡಿ, ಇಲಿ ಜ್ವರ ಇರಬಹುದು. ಕೊಳಕು ನೀರಲ್ಲಿ ಓಡಾಡಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ.

ನಿಮ್ಮ ಸಂಪು ಎಷ್ಟು ಲೀಟರಿನದು ಅಂತ ತಿಳಿಸಿ, ಪೌಡರ್ ಲೆಕ್ಕ ಹಾಕಿ ಕೊಡುತ್ತೇನೆ.