‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕದಲ್ಲಿ ಈವಾ ಸ್ಮಿತ್ ಸಾವಿಗೆ ಹೊಣೆ ಯಾರು?
ಬರ್ಲಿಂಗ್ ಮನೆಯ ಎಲ್ಲರೂ, ಜೊತೆಗೆ ಭಾವಿ ಅಳಿಯ ಜೆರಾಲ್ಡ್ ಕೂಡ. ಪ್ರೀಸ್ಟ್ಲಿಯ ಈ ನಾಟಕ ರಂಗಕ್ಕೆ ಬಂದದ್ದು 1945ರಲ್ಲಿ, ಕಥೆ ಮಾತ್ರ 1912ರ ಇಂಗ್ಲೆಂಡಿನದು. ಬರ್ಲಿಂಗ್‌ನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈವಾ ಕೇಳಿದ್ದು ವಾರಕ್ಕೆ 25 ಶಿಲಿಂಗ್ ಕೂಲಿ. ಸಿಗುತ್ತಿದ್ದದ್ದು 22 ಶಿಲಿಂಗ್ 6 ಪೆನ್ಸ್. ಎರಡೂವರೆ ಶಿಲಿಂಗ್ ಜಾಸ್ತಿ, ಅಷ್ಟೇ! ಮುಷ್ಕರದ ಮುಂದಾಳು ಅಂತ ಬರ್ಲಿಂಗ್ ಅವಳನ್ನು ಕೆಲಸದಿಂದ ತೆಗೆದ. ಮುಂದೆ ಮಗಳು ಶೀಲಾ ಸುಮ್ನೆ ಸಿಟ್ಟಿಗೆ ಅಂಗಡಿಯ ಕೆಲಸವನ್ನೂ ತಪ್ಪಿಸಿದಳು.

ನನಗೆ ಜಾಸ್ತಿ ಚುಚ್ಚುವುದು ಶ್ರೀಮತಿ ಬರ್ಲಿಂಗ್. ಬಸುರಿ ಈವಾ ನೆರವು ಕೇಳಿ ಬಂದಾಗ ತಾನಿದ್ದ ದತ್ತಿ ಸಂಸ್ಥೆಯಿಂದ ಏನೂ ಸಿಗದಂತೆ ನೋಡಿಕೊಂಡವಳು ಅವಳೇ. ಮಗುವಿನ ಅಪ್ಪನಿಗೆ ಶಿಕ್ಷೆ ಆಗಲಿ ಅಂತ ಗುಡುಗುತ್ತಾಳೆ. ಆ ಅಪ್ಪ ತನ್ನ ಮಗ ಎರಿಕ್ ಎಂಬುದು ಅವಳಿಗಿನ್ನೂ ಗೊತ್ತಿಲ್ಲ. ಈವಾ ಸಾವಿನ ವಿಚಾರಣೆಗೆ ಮನೆಗೆ ಬಂದಿದ್ದ ಇನ್‌ಸ್ಪೆಕ್ಟರ್ ನಕಲಿ ಎಂದಾಗ ಹಿರಿಯರು ನಿರಾಳ. ಅದರಿಂದ ತಮ್ಮ ತಪ್ಪು ಅಳಿಸಿಹೋಯಿತು ಅಂತ ಶೀಲಾ, ಎರಿಕ್ ಮಾತ್ರ ಒಪ್ಪುವುದಿಲ್ಲ.