ತೆನೆ ಕಟ್ಟಿ, ನೀರಿಡಿ

ಓದುಗರ ಪತ್ರ: ಬಾಲ್ಕನಿಯಲ್ಲಿ ತಟ್ಟೆಯಿಟ್ಟು ದಿನವೂ ಅಕ್ಕಿ, ಸಜ್ಜೆ ಹಾಕುತ್ತಿದ್ದೇನೆ. ಪಾರಿವಾಳಗಳು ಮುತ್ತುತ್ತವೆ, ಒಂದು ಗುಬ್ಬಿಯೂ ಬರದು. ಯಾವ ಫೀಡರ್ ಕೊಳ್ಳಲಿ?
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ಹಕ್ಕಿಗೆ ನಾಲ್ಕು ಕಾಳು ಹಾಕಬೇಕೆನ್ನುವ ನಿಮ್ಮ ಮನಸ್ಸು ದೊಡ್ಡದು. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ಫೀಡರ್ ಹಕ್ಕಿಗಳಿಗೆ ನೆರವಾಗುವುದೂ ನಿಜ. ಆದರೂ ಹೇಳುತ್ತೇನೆ, ಆ ತಟ್ಟೆಯನ್ನು ಇವತ್ತೇ ತೆಗೆಯಿರಿ.

ಬ್ರಿಟನ್ನಿನಲ್ಲಿ ಆದದ್ದು ನೋಡಿ. ಪಾರಿವಾಳಗಳ ಗಂಟಲಲ್ಲಿ ಬದುಕುವ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ 2005ರ ಹೊತ್ತಿಗೆ ಅಲ್ಲಿನ ಗುಬ್ಬಿ ಗಾತ್ರದ ಹಕ್ಕಿಗಳಾದ ಗ್ರೀನ್‌ಫಿಂಚ್‌ಗಳಲ್ಲೂ ಕಾಣಿಸಿತು. ಗಂಟಲು ಕಟ್ಟಿದ ಹಕ್ಕಿ ನುಂಗಲಾರದೆ ಫೀಡರಿನಲ್ಲೇ ಕಾಳು ಉಗುಳುತ್ತದೆ, ಆ ಎಂಜಲನ್ನು ಇನ್ನೊಂದು ಹೆಕ್ಕುತ್ತದೆ. ತೋಟ ತೋಟದಲ್ಲೂ ಕಾಣುತ್ತಿದ್ದ ಹಕ್ಕಿ 2021ರಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಅಲ್ಲಿನ ಕೆಂಪು ಪಟ್ಟಿಗೆ ಸೇರಿತು. ನೀವೋ ಊರಿನ ಪಾರಿವಾಳಗಳನ್ನೆಲ್ಲ ಒಂದೇ ತಟ್ಟೆಗೆ ಕರೆಯುತ್ತಿದ್ದೀರಿ! ಒಣಗಿದ ಹಿಕ್ಕೆಯ ಧೂಳು ನಿಮ್ಮ ಶ್ವಾಸಕೋಶಕ್ಕೂ ಕೇಡು.

ಕಾಳು ಕೊಡಲೇಬೇಕೆಂದರೆ ಭತ್ತದ್ದೋ ನವಣೆಯದ್ದೋ ತೆನೆಗೊಂಚಲು ತೂಗುಹಾಕಿ. ಹಿಂದಿನವರು ಜಗಲಿಯಲ್ಲಿ ಕಟ್ಟುತ್ತಿದ್ದುದು ಅದನ್ನೇ. ಗುಬ್ಬಿ, ರಾಟವಾಳ ಜೋತುಬಿದ್ದು ತಿನ್ನಬಲ್ಲವು, ಪಾರಿವಾಳಕ್ಕೆ ಅದು ಸಾಧ್ಯವಿಲ್ಲ. ಮಳೆಗೆ ತೊಯ್ದು ಬೂಷ್ಟು ಹಿಡಿದರೆ ಬಿಸಾಡಿ.

ಅದಕ್ಕಿಂತ ನೀರು ಮೇಲು. ಕುಂಡದ ಕೆಳಗಿಡುವ, ಒಂದಡಿ ಅಗಲದ ಮಣ್ಣಿನ ತಟ್ಟೆ ಸಾಕು. ನೀರು ಎರಡಿಂಚು ಮೀರದಿರಲಿ, ನಡುವೆ ಒರಟು ಕಲ್ಲಿರಲಿ. ನುಣುಪು ಪಿಂಗಾಣಿ ಬೇಡ, ಕಾಲು ಜಾರುತ್ತದೆ. ದಿನವೂ ಹಳೆಯ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ ತುಂಬಿಸಿ. ರೋಗ ನೀರಿನಿಂದಲೂ ಹರಡುತ್ತದೆ, ವಾರ ಬಿಟ್ಟರೆ ಡೆಂಗಿ ಸೊಳ್ಳೆಯೂ ಹುಟ್ಟುತ್ತದೆ. ಕಿಟಕಿಯ ಗಾಜಿಗೆ ಮೂರಡಿಯೊಳಗೇ ಇಟ್ಟರೆ ಬೆದರಿ ಹಾರುವ ಹಕ್ಕಿಗೆ ವೇಗ ಬಂದಿರುವುದಿಲ್ಲ, ಬಡಿದರೂ ಪೆಟ್ಟು ಕಡಿಮೆ. ಪಕ್ಕದ ಕುಂಡದಲ್ಲಿ ದಾಸವಾಳ, ಕೇಪಳ ಬೆಳೆಸಿದರೆ ಸೂರಕ್ಕಿ ಬಂದೀತು. ಕರಿಬೇವಿನ ಹಣ್ಣಿಗೆ ಪಿಕಳಾರ, ಕೋಗಿಲೆ.

ಇನ್ನು ಗುಬ್ಬಿ. ಅದು ಮರಿಗೆ ಮುಖ್ಯವಾಗಿ ಉಣಿಸುವುದು ಹುಳುವನ್ನು. ಹುಳುವಿಗೆ ಮಣ್ಣು ಬೇಕು, ಪೊದೆ ಬೇಕು. ನಾವು ಸೈಟಿನ ಅಂಚಿನಿಂದ ಅಂಚಿಗೆ ಸಿಮೆಂಟ್ ಸುರಿದೆವು, ಬೇಲಿ ಕಿತ್ತು ಕಾಂಪೌಂಡ್ ಕಟ್ಟಿದೆವು, ಹುಲ್ಲಿಗೆ ವಿಷ ಹೊಡೆದೆವು, ಗೂಡು ಕಟ್ಟುವ ಸಂದಿಗಳನ್ನೆಲ್ಲ ಮುಚ್ಚಿದೆವು. ಇಷ್ಟಾದ ಮೇಲೆ ಪ್ರತಿ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನವೆಂದು ಬಣ್ಣದ ಪ್ಲಾಸ್ಟಿಕ್ ಫೀಡರ್ ಹಂಚುವುದು ಕಂಡರೆ ಹೊಟ್ಟೆ ಉರಿಯುತ್ತದೆ. ಫೀಡರಿನ ದುಡ್ಡು ಉಳಿಸಿ, ಒಂದೂಕಾಲು ಇಂಚಿನ ತೂತಿರುವ ಮರದ ಗೂಡುಪೆಟ್ಟಿಗೆ ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಹತ್ತಡಿ ಎತ್ತರದಲ್ಲಿ ಹೊಡೆಯಿರಿ. ಮುಂದಿನ ನಿವಾಸಿಗಳ ಸಭೆಯಲ್ಲಿ ಎದ್ದುನಿಂತು, ಕಾಂಪೌಂಡಿನುದ್ದಕ್ಕೂ ಮೂರಡಿ ಮಣ್ಣು ಬಿಡಿ, ಅಲ್ಲಿಗೆ ಔಷಧ ಹೊಡೆಯಬೇಡಿ ಎಂದು ಕೇಳಿ.