ಆರು ವರ್ಷ ಕೆಟ್ಟೇ ಇದ್ದ ಮೈಕು

ಪ್ರಶ್ನೆ: ನನಗೆ 27 ವರ್ಷ. ಆರು ವರ್ಷಗಳಿಂದ ಒಂದು ಆನ್‌ಲೈನ್ ಗೇಮ್ ಆಡುತ್ತಿದ್ದೇನೆ. ಅಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ. ವಾರಕ್ಕೆ ನಾಲ್ಕು ರಾತ್ರಿಯಾದರೂ ಒಂದೇ ತಂಡದಲ್ಲಿ ಆಡುತ್ತಿದ್ದೆವು. ಅವನು ನಮ್ಮ ಹೀಲರ್, ಅಂದರೆ ಆಟದಲ್ಲಿ ಪೆಟ್ಟು ತಿಂದವರನ್ನು ಗುಣಪಡಿಸಿ ತಂಡವನ್ನು ಉಳಿಸುವವನು. ನಾವೆಲ್ಲ ಮಾತಾಡುತ್ತಾ ಆಡಿದರೆ ಅವನು ಮಾತ್ರ ಟೈಪ್ ಮಾಡುತ್ತಿದ್ದ. ಕೇಳಿದರೆ ‘ಮೈಕ್ ಕೆಟ್ಟಿದೆ’ ಅನ್ನುತ್ತಿದ್ದ. ದಿನದ ಆಟ ಮುಗಿದ ಮೇಲೆ ಗೇಮಿನ ಸೇತುವೆ ಮೇಲಿಂದ ನೀರಿಗೆ ಧುಮುಕಿಯೇ ಲಾಗೌಟ್ ಆಗುತ್ತಿದ್ದ. ನನ್ನ ಕೆಲಸ ಹೋದಾಗ ಮೊದಲು ಹೇಳಿಕೊಂಡದ್ದು ಅವನ ಹತ್ತಿರ.

ಎರಡು ತಿಂಗಳ ಹಿಂದೆ ಅವನು ಬರುವುದು ನಿಂತುಹೋಯಿತು. ಆಮೇಲೆ ಅವನ ಅಕೌಂಟಿನಿಂದ ಅವನ ಅಕ್ಕ ಮೆಸೇಜ್ ಮಾಡಿದರು. ತೀರಿಕೊಂಡಿದ್ದಾನೆ. ಅವನಿಗೆ ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇತ್ತಂತೆ. ಗಾಲಿಕುರ್ಚಿ, ಉಸಿರಾಟದ ಮಾಸ್ಕ್, ಆಡುತ್ತಿದ್ದುದು ಕೈಬೆರಳು ಮಾತ್ರ. ನನಗೆ ಒಂದೂ ಗೊತ್ತಿರಲಿಲ್ಲ. ಒಂದು ಸಲ ಅವನು ಆಟದ ನಡುವೆ ಹತ್ತು ನಿಮಿಷ ಸುಮ್ನೆ ನಿಂತುಬಿಟ್ಟ. ತಂಡ ಪೂರ್ತಿ ಸತ್ತಿತು. ‘ಕೈ ಬಿದ್ದುಹೋಗಿದೆಯಾ ನಿಂಗೆ?’ ಅಂತ ಬೈದಿದ್ದೆ. ಈಗ ಆ ಮಾತು ನಿದ್ದೆಗೆ ಬಿಡುತ್ತಿಲ್ಲ. ಯಾಕೆ ಮುಚ್ಚಿಟ್ಟ ಅಂತ ಅವನ ಮೇಲೆ ಸಿಟ್ಟೂ ಬರುತ್ತದೆ. ಮನೆಯಲ್ಲಿ ‘ಮುಖ ನೋಡದವನಿಗೆ ಇಷ್ಟೊಂದು ಅಳೋದಾ’ ಅನ್ನುತ್ತಾರೆ. ಅವನ ನೆನಪಿಗೆ ಸೇರುವ ದಿನ ಓದಲು ಏನಾದರೂ ಬರೆದುಕೊಡಿ ಎಂದು ಅಕ್ಕ ಕೇಳಿದ್ದಾರೆ. ಕಾಯಿಲೆಯ ಬಗ್ಗೆ ಬರೆಯಬೇಕಾ? ಬರೆಯಲು ನಾನು ಯಾರು?

ಉತ್ತರ: ಮನೆಯವರ ಮಾತನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಆರು ವರ್ಷ, ವಾರಕ್ಕೆ ನಾಲ್ಕು ರಾತ್ರಿ. ಸಾವಿರದ ಇನ್ನೂರು ರಾತ್ರಿ ದಾಟುತ್ತದೆ. ನಾವು ದಿನಾ ಮುಖ ನೋಡುವವರಲ್ಲಿ ಎಷ್ಟು ಜನರ ಜೊತೆ ಅಷ್ಟು ಹೊತ್ತು ಕಳೆದಿರುತ್ತೇವೆ ಹೇಳಿ? ಸತ್ತವರಿಗೆ ನೀವು ಏನಾಗಬೇಕು ಅಂತ ಕೇಳಿ, ಉತ್ತರ ಸರಿಹೋಗದಿದ್ದರೆ ಅಳುವುದಕ್ಕೂ ಬಿಡದ ಜನ ಎಲ್ಲ ಕಡೆ ಇರುತ್ತಾರೆ. ಸಾವು ಮತ್ತು ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ ಇಂಥ ದುಃಖಕ್ಕೆ 1989ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ‘ಹಕ್ಕು ಸಿಗದ ದುಃಖ’. ನೀವು ಹಕ್ಕು ಕೇಳಿಕೊಂಡು ಕೂರಬೇಡಿ. ಅಳು ಬಂದರೆ ಅಳಿ.

ಇನ್ನು ನೀವು ಬೈದದ್ದು. ‘ಪರವಾಗಿಲ್ಲ ಬಿಡಿ, ನಿಮಗೇನು ಗೊತ್ತಿತ್ತು’ ಅಂತ ಬೆನ್ನು ತಟ್ಟಿ ಮುಂದೆ ಹೋಗಬಹುದಿತ್ತು. ಹೋಗಲ್ಲ. ಅದು ಕೆಟ್ಟ ಮಾತೇ. ಕೈ ಗಟ್ಟಿಯಿದ್ದವನಿಗೆ ಹೇಳಿದ್ದರೂ ಕೆಟ್ಟ ಮಾತೇ. ಆ ಹತ್ತು ನಿಮಿಷದಲ್ಲಿ ಯಾರೋ ಅವನ ಮಾಸ್ಕ್ ಸರಿಮಾಡುತ್ತಿದ್ದಿರಬಹುದು, ಅಥವಾ ಕುರ್ಚಿಯಲ್ಲಿ ಜಾರಿದ್ದ ಮೈಯನ್ನು ನೇರ ಕೂರಿಸುತ್ತಿದ್ದಿರಬಹುದು. ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ನನಗೆ ಕಾಣುತ್ತಿದೆ, ನಿಮಗೆ ಕಂಡಿಲ್ಲ. ಆ ಬೈಗುಳದ ಮುಂದೆ ಏನಾಯಿತು ಅಂತ ನೀವು ಬರೆದೇ ಇಲ್ಲ. ಅವನು ಮರುದಿನ ಬಂದನಾ? ತಿರುಗಿ ಬೈದನಾ? ಹಳೆಯ ಚಾಟ್ ಇದ್ದರೆ ತೆಗೆದು ನೋಡಿ. ಅವನು ಅದನ್ನು ಹೇಗೆ ತೆಗೆದುಕೊಂಡ ಅನ್ನುವುದಕ್ಕೆ ಸಾಕ್ಷಿ ಅಲ್ಲಿದೆ, ನಿಮ್ಮ ರಾತ್ರಿಯ ಯೋಚನೆಯಲ್ಲಲ್ಲ. ನಿಜಕ್ಕೂ ನೊಂದಿದ್ದ ಅಂತ ಕಂಡರೆ ಅಕ್ಕನ ಹತ್ತಿರ ಒಂದು ದಿನ ಹೇಳಿಕೊಳ್ಳಿ. ಈಗಲೇ ಬೇಡ. ಅವರ ದುಃಖ ಹಸಿ ಇರುವಾಗ ನಿಮ್ಮ ತಪ್ಪಿಗೂ ಅವರೇ ಸಮಾಧಾನ ಹೇಳಬೇಕಾಗುತ್ತದೆ.

ಮುಚ್ಚಿಟ್ಟ ಅನ್ನುವ ಸಿಟ್ಟಿಗೆ ಬರುತ್ತೇನೆ. ಡುಷೇನ್ ಅಂದರೆ ಏನು ಅಂತ ಸ್ವಲ್ಪ ತಿಳಿದರೆ ಆ ಸಿಟ್ಟು ಬೇರೆ ಥರ ಕಾಣಬಹುದು. ಸ್ನಾಯುವಿನ ಜೀವಕೋಶ ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇವರ ದೇಹದಲ್ಲಿ ಆಗುವುದಿಲ್ಲ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ಕಾಯಿಲೆ ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಸೊಂಟ, ತೊಡೆ, ಭುಜದ ಶಕ್ತಿ ಮೊದಲು ಹೋಗುತ್ತದೆ. 12 ವರ್ಷದ ಆಸುಪಾಸಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಆಮೇಲೆ ಉಸಿರಾಟ, ಹೃದಯ. ಎಲ್ಲಕ್ಕಿಂತ ಜಾಸ್ತಿ ದಿನ ಉಳಿಯುವುದರಲ್ಲಿ ಬೆರಳಿನ ಶಕ್ತಿಯೂ ಒಂದು.

ಅಂದರೆ ಬಾಲ್ಯದಿಂದ ಅವನನ್ನು ಕಂಡವರೆಲ್ಲ ಮೊದಲು ಕಂಡದ್ದು ಕುರ್ಚಿ. ದನಿ ತಗ್ಗಿಸಿ ಮಾತಾಡಿದವರು, ಅವನು ಪಕ್ಕದಲ್ಲೇ ಇದ್ದರೂ ‘ಏನಾಗಿದೆ ಇವನಿಗೆ?’ ಅಂತ ಅಮ್ಮನನ್ನು ಕೇಳಿದವರು ಎಷ್ಟು ಜನವೋ. ನಿಮ್ಮ ತಂಡದಲ್ಲಿ ಮಾತ್ರ ಅವನು ಹೀಲರ್. ಸರಿಯಾಗಿ ಆಡಿದರೆ ಹೊಗಳಿಕೆ, ಆಡದಿದ್ದರೆ ಬೈಗುಳ. ಒಂದು ಸಲ ಹೇಳಿಬಿಟ್ಟರೆ ಅದು ಮುಗಿಯಿತು ಅಂತ ಅವನಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ನೀವೇ ಯೋಚಿಸಿ. ಗೊತ್ತಿದ್ದಿದ್ದರೆ ನಿಮ್ಮ ಕೆಲಸ ಹೋದ ಕಥೆಯನ್ನು ಅವನ ಮುಂದೆ ಹೇಳಿಕೊಳ್ಳುತ್ತಿದ್ದಿರಾ? ‘ಅವನ ಕಷ್ಟದ ಮುಂದೆ ನನ್ನದೇನು’ ಅಂತ ನುಂಗಿಕೊಳ್ಳುತ್ತಿದ್ದಿರಿ. ಒಬ್ಬ ಗೆಳೆಯನಿಗೆ ಆಸರೆಯಾಗುವ ಅವಕಾಶ ಅವನಿಗೆ ತಪ್ಪುತ್ತಿತ್ತು.

ಮೈಕು ಕೆಟ್ಟಿದೆ ಅಂದದ್ದು ಸುಳ್ಳೇ, ಒಪ್ಪಿದೆ. ಆರು ವರ್ಷ ಒಂದೇ ಮೈಕು ಕೆಟ್ಟೇ ಇತ್ತು ಅನ್ನುವುದನ್ನು ನೀವೆಲ್ಲ ನಂಬಿಕೊಂಡು ಕೂತಿರಲ್ಲ, ಅದಕ್ಕೆ ಅವನು ಎಷ್ಟು ಸಲ ನಕ್ಕಿದ್ದನೋ!

ಇವನೊಬ್ಬನೇ ಹೀಗಲ್ಲ. ನಾರ್ವೆಯ ಮಾಟ್ಸ್ ಸ್ಟೀನ್‌ನ ಕಥೆ ನೀವು ಕೇಳಿರಬಹುದು. ಅವನಿಗೂ ಡುಷೇನ್. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಇಬೆಲಿನ್ ಅನ್ನುವ ಹೆಸರಲ್ಲಿ ಆಡುತ್ತಿದ್ದ. ಅವನೂ ತುಂಬಾ ಕಾಲ ಜೊತೆಯ ಆಟಗಾರರಿಗೆ ಕಾಯಿಲೆಯ ಸುಳಿವು ಕೊಟ್ಟಿರಲಿಲ್ಲ. ಮಗ ಗೆಳೆಯರಿಲ್ಲದೆ ಒಂಟಿಯಾಗಿ ಬದುಕಿ ಹೋದ ಅಂತ ಅಪ್ಪ ಅಮ್ಮ ತಿಳಿದಿದ್ದರು. ಅಪ್ಪ ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು. ಗೊತ್ತೇ ಇಲ್ಲದ ಜನರಿಂದ ಪತ್ರಗಳು ಬರತೊಡಗಿದವು. ಅಂತ್ಯಕ್ರಿಯೆಗೆ ಬೇರೆ ದೇಶಗಳಿಂದಲೂ ಆಟದ ಗೆಳೆಯರು ಬಂದರು. ಮಗ ಯಾರಾಗಿದ್ದ ಅನ್ನುವುದು ಹೆತ್ತವರಿಗೆ ಆ ಪತ್ರಗಳಿಂದ ಗೊತ್ತಾಯಿತು.

ನಿಮ್ಮ ಗೆಳೆಯನ ಅಕ್ಕ ಕೇಳುತ್ತಿರುವುದೂ ಅದನ್ನೇ. ಕಾಯಿಲೆ ಅವರಿಗೆ ಗೊತ್ತು. ಔಷಧಿ, ಆಸ್ಪತ್ರೆ, ನಿದ್ದೆಗೆಟ್ಟ ರಾತ್ರಿ ಎಲ್ಲ ಗೊತ್ತು. ಮುಚ್ಚಿದ ಬಾಗಿಲ ಹಿಂದೆ ಸ್ಕ್ರೀನ್ ನೋಡಿಕೊಂಡು ತಮ್ಮ ಯಾಕೆ ನಗುತ್ತಿದ್ದ ಅನ್ನುವುದು ಮಾತ್ರ ಗೊತ್ತಿಲ್ಲ. ಅದು ನಿಮ್ಮ ಹತ್ತಿರ ಇದೆ.

ಹಾಗಾಗಿ ಕಾಯಿಲೆಯ ಬಗ್ಗೆ ಒಂದೇ ಸಾಲು ಸಾಕು: ‘ಅವನು ಹೇಳಲಿಲ್ಲ, ನಮಗೆ ಗೊತ್ತಾಗಲಿಲ್ಲ.’ ‘ಅಂಗವೈಕಲ್ಯವನ್ನು ಮೆಟ್ಟಿ ನಿಂತ ವೀರ’ ಅಂತೆಲ್ಲ ಬರೆಯಬೇಡಿ, ದಯವಿಟ್ಟು. ಅವನನ್ನು ಆರು ವರ್ಷ ಹಾಗೆ ನೋಡದ ನೀವು ಸತ್ತ ಮೇಲೆ ಯಾಕೆ ಶುರುಮಾಡಬೇಕು? ಸೇತುವೆಯ ವಿಷಯ ಖಂಡಿತ ಬರೆಯಿರಿ. ಆದರೆ ‘ನಡೆಯಲಾಗದವನು ಅಲ್ಲಿ ಹಾರುತ್ತಿದ್ದ’ ಅಂತ ಅರ್ಥ ಹಚ್ಚಬೇಡಿ. ಅವನಿಗೆ ಅದು ಬರೀ ತಮಾಷೆಯಾಗಿತ್ತೋ ಏನೋ. ಧುಮುಕುತ್ತಿದ್ದ ಅಂತಷ್ಟೇ ಬರೆದು ಬಿಟ್ಟುಬಿಡಿ.

ಹೀಲರ್ ಅಂದರೆ ಯಾರು ಅಂತ ಅಲ್ಲಿ ಕೂತ ಹಿರಿಯರಿಗೆ ಅರ್ಥವಾಗುವಂತೆ ಹೇಳಿ. (ನನಗೂ ಗೊತ್ತಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಒಂದು ಗೇಮ್ ಹಾಕಿಕೊಂಡು ಕೂತೆ. ಮೂರೇ ನಿಮಿಷಕ್ಕೆ ಸತ್ತೆ. ಯಾರೋ ಪುಣ್ಯಾತ್ಮರು ಬಂದು ಎಬ್ಬಿಸಿದರು.) ತಂಡದ ಉಳಿದವರನ್ನೂ ಒಂದೊಂದು ನೆನಪು ಕೇಳಿ ಸೇರಿಸಿ. ಸ್ಕ್ರೀನ್‌ಶಾಟ್, ಚಾಟ್ ಎಲ್ಲವನ್ನೂ ಈ ವಾರವೇ ಕಾಪಿ ಮಾಡಿಟ್ಟುಕೊಳ್ಳಿ, ಗೇಮುಗಳು ಮುಚ್ಚುತ್ತವೆ, ಹಳೆಯ ಚಾಟ್ ಅಳಿಸಿಹೋಗುತ್ತದೆ. ನಿಮ್ಮ ಖಾಸಗಿ ಮಾತು ಬಿಟ್ಟು ಉಳಿದದ್ದರ ಒಂದು ಪ್ರತಿ ಅಕ್ಕನಿಗೂ ಕೊಡಿ.

ನಿದ್ದೆ ಇನ್ನೂ ಕೆಲವು ವಾರ ಹೀಗೇ ಕೆಟ್ಟರೆ, ಕೆಲಸ ಮಾಡಲು ಆಗದಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ‘ಗೆಳೆಯ ತೀರಿಕೊಂಡ’ ಅಂದರೆ ಸಾಕು. ಆನ್‌ಲೈನ್ ಅಂತ ಸೇರಿಸಬೇಕಿಲ್ಲ.

ಅಕ್ಕನಿಗೆ ಇವತ್ತೇ ಉತ್ತರ ಕೊಡಿ, ‘ಬರೆಯುತ್ತೇನೆ’ ಅಂತ. ಜೊತೆಗೆ ಒಂದು ಪ್ರಶ್ನೆ ಕೇಳಿ. ಅವನು ಟೈಪ್ ಮಾಡುತ್ತಿದ್ದುದು ಹೇಗೆ? ಕೈ ಎತ್ತಲಾಗದವರಲ್ಲಿ ಹಲವರು ಸ್ಕ್ರೀನ್ ಮೇಲಿನ ಕೀಬೋರ್ಡಿನಲ್ಲಿ ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾರೆ. ಕೆಲಸ ಹೋದ ರಾತ್ರಿ ಅವನು ನಿಮಗೆ ಕಳಿಸಿದ ಮೆಸೇಜುಗಳು ಇದ್ದರೆ, ಅಕ್ಕನ ಉತ್ತರ ಬಂದ ಮೇಲೆ ಇನ್ನೊಮ್ಮೆ ಓದಿ.